ಪುರುಷರ 10 ಮೀಟರ್ ಏರ್ ಪಿಸ್ತೂಲ್: ಮಲೆನಾಡಿನ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಏಷ್ಯನ್ ಗೇಮ್ಸ್ ಅಥವಾ ಒಲಿಂಪಿಕ್ಸ್ ಹತ್ತಿರ ಬಂದರೆ ಸಾಕು, ಶೂಟಿಂಗ್ ಬಗ್ಗೆ ಪ್ರಶ್ನೆಗಳು ಶುರುವಾಗುತ್ತವೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯವರ ಪ್ರಶ್ನೆಗಳಿಗೆ ಒಂದು ವಿಶೇಷ ಇದೆ. ತೋಟ ಇದ್ದವರ ಮನೆಗೆ ಕೋವಿ ಹೊಸದಲ್ಲ. ಈಡು ಹೊಡೆಯುವುದು ಎಂದರೆ ಏನು ಎಂದು ಅಜ್ಜಂದಿರಿಗೂ ಗೊತ್ತು, ಮೊಮ್ಮಕ್ಕಳಿಗೂ ಗೊತ್ತು. ಆದರೆ ಆ ಲೆಕ್ಕದಲ್ಲೇ ಈ ಆಟವನ್ನೂ ನೋಡಿದರೆ ಅದರ ಸೊಗಸು ಕೈಗೆ ಸಿಗುವುದಿಲ್ಲ. ಹೆಚ್ಚಾಗಿ ಬರುವ ಪ್ರಶ್ನೆಗಳನ್ನು ಒಂದು ಕಡೆ ಸೇರಿಸಿ ಉತ್ತರ ಬರೆದಿದ್ದೇನೆ.

ಏರ್ ಪಿಸ್ತೂಲ್ ಅಂದ್ರೆ ತೋಟದಲ್ಲಿ ಮಂಗ ಓಡಿಸೋ ಏರ್ ಗನ್ ಥರದ್ದೇ ಅಲ್ವಾ?

ಎರಡರಲ್ಲೂ ಮದ್ದಿಲ್ಲ, ಗಾಳಿಯ ಒತ್ತಡವೇ ಕೆಲಸ ಮಾಡುವುದು. ಹೋಲಿಕೆ ಅಲ್ಲಿಗೆ ಮುಗಿಯಿತು. ತೋಟದ ಏರ್ ಗನ್ ಉದ್ದ ನಳಿಗೆಯದು, ಮಡಚಿ ಸ್ಪ್ರಿಂಗ್ ಎಳೆಯುವುದು, ಎರಡು ಕೈಯಲ್ಲಿ ಹಿಡಿದು ಭುಜಕ್ಕೆ ಒತ್ತಿಕೊಂಡು ಹೊಡೆಯುವುದು. ಸ್ಪರ್ಧೆಯ ಪಿಸ್ತೂಲನ್ನು ಒಂದೇ ಕೈಯಲ್ಲಿ ಹಿಡಿಯಬೇಕು. ಮಣಿಕಟ್ಟಿಗೆ ಯಾವ ಆಸರೆಯೂ ಇರಬಾರದು. ನಳಿಗೆಯ ಕೆಳಗೆ ಒಂದು ಸಣ್ಣ ಸಿಲಿಂಡರ್ ಇರುತ್ತದೆ, ಅದರಲ್ಲಿ ಸುಮಾರು 200 ಬಾರ್ ಒತ್ತಡದ ಗಾಳಿ ತುಂಬಿರುತ್ತಾರೆ. ಇದರಿಂದ ಹಾರುವ ಪುಟ್ಟ ಗುಂಡಿಗೆ ಪೆಲೆಟ್ ಎನ್ನುತ್ತಾರೆ. ಅದು 4.5 ಮಿಲಿಮೀಟರ್‌ನದು, ಮೂತಿ ಚಪ್ಪಟೆ. ಪಿಸ್ತೂಲಿನ ತೂಕ 1500 ಗ್ರಾಂ ದಾಟಬಾರದು. ಟ್ರಿಗರ್ ಕನಿಷ್ಠ 500 ಗ್ರಾಂ ತೂಕ ತಡೆಯಬೇಕು. ಸ್ಪರ್ಧೆಗೆ ಮೊದಲು ಇದನ್ನೆಲ್ಲ ತೂಗಿ, ಅಳೆದು, ನಂತರವೇ ಒಳಗೆ ಬಿಡುತ್ತಾರೆ.

ಹಿಡಿಕೆಯನ್ನು ಆಟಗಾರನ ಅಂಗೈಗೆ ತಕ್ಕಂತೆ ಮರದಲ್ಲಿ ಕೆತ್ತಿ, ಉಜ್ಜಿ, ಬೇಕಾದಲ್ಲಿ ಪುಟ್ಟಿ ಮೆತ್ತಿ ಸರಿ ಮಾಡಿಕೊಂಡಿರುತ್ತಾರೆ. ಒಬ್ಬರ ಪಿಸ್ತೂಲ್ ಇನ್ನೊಬ್ಬರ ಕೈಗೆ ಸರಿಯಾಗಿ ಕೂರುವುದೇ ಇಲ್ಲ.

ಗುರಿ ಎಷ್ಟು ದೊಡ್ಡದಿರುತ್ತೆ? ಟಿವಿಯಲ್ಲಿ ಅಂದಾಜು ಸಿಗೋದಿಲ್ಲ.

ಮಧ್ಯದ ಹತ್ತರ ವೃತ್ತದ ಅಗಲ 11.5 ಮಿಲಿಮೀಟರ್. ಒಣಗಿದ ಅಡಿಕೆಗಿಂತ ಸಣ್ಣದು. ಅದರೊಳಗೆ 5 ಮಿಲಿಮೀಟರ್‌ನ ಇನ್ನೊಂದು ವೃತ್ತ ಇದೆ, ಅದಕ್ಕೆ ಇನ್ನರ್ ಟೆನ್ ಎನ್ನುತ್ತಾರೆ. ಏಳರಿಂದ ಹತ್ತರವರೆಗಿನ ಭಾಗ ಕಪ್ಪಾಗಿರುತ್ತದೆ, ಆ ಕಪ್ಪಿನ ಅಗಲ 59.5 ಮಿಲಿಮೀಟರ್. ಆಟಗಾರ ನಿಲ್ಲುವುದು 10 ಮೀಟರ್ ದೂರದಲ್ಲಿ. ಅಲ್ಲಿಂದ ಅವನಿಗೆ ಕಾಣುವುದು ಒಂದು ಕಪ್ಪು ಚುಕ್ಕೆ ಮಾತ್ರ. ಒಳಗಿನ ವೃತ್ತಗಳು ಬರಿಗಣ್ಣಿಗೆ ಬೇರೆ ಬೇರೆಯಾಗಿ ಕಾಣುವುದಿಲ್ಲ.

ಹಾಗಾದ್ರೆ ಕಣ್ಣು ತುಂಬಾ ಚುರುಕಿರಬೇಕು, ಅಲ್ವಾ?

ಎಲ್ಲರೂ ಹೀಗೇ ಅಂದುಕೊಳ್ಳುತ್ತಾರೆ. ಈ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ, ಯಾಕೆಂದರೆ ಆಟದ ಗುಟ್ಟು ಇಲ್ಲೇ ಇದೆ.

ಪಿಸ್ತೂಲ್ ಶೂಟರ್ ಗುರಿಯನ್ನು ದಿಟ್ಟಿಸುವುದಿಲ್ಲ. ಅವನ ದೃಷ್ಟಿ ನೆಟ್ಟಿರುವುದು ನಳಿಗೆಯ ತುದಿಯಲ್ಲಿರುವ ಫ್ರಂಟ್ ಸೈಟ್ ಮೇಲೆ. ಹಿಂದೆ ಒಂದು ಕಚ್ಚು ಇರುತ್ತದೆ, ಅದು ರಿಯರ್ ಸೈಟ್. ಆ ಕಚ್ಚಿನ ನಡುವೆ ಮುಂದಿನ ಕಡ್ಡಿ ನೆಟ್ಟಗೆ ನಿಲ್ಲಬೇಕು. ಎರಡು ಬದಿಯ ಬೆಳಕಿನ ಗೆರೆ ಸಮ ಇರಬೇಕು, ಕಡ್ಡಿಯ ತಲೆ ಕಚ್ಚಿನ ಮೇಲಂಚಿಗೆ ಸಮ ಇರಬೇಕು. ಗುರಿ ಹಿಂದೆ ಮಸುಕಾಗಿ ಕಂಡರೆ ಸಾಕು. ಹೆಚ್ಚಿನವರು ಕಪ್ಪಿನ ನಡುವೆ ಗುರಿ ಇಡುವುದೂ ಇಲ್ಲ. ಅದರ ಕೆಳಗಿನ ಬಿಳಿ ಜಾಗದಲ್ಲಿ ಹಿಡಿಯುತ್ತಾರೆ, ಪೆಲೆಟ್ ಮೇಲೆ ಹತ್ತರಲ್ಲಿ ಬೀಳುವಂತೆ ಸೈಟನ್ನು ತಿರುಗಿಸಿಟ್ಟುಕೊಂಡಿರುತ್ತಾರೆ.

ಯಾಕೆ ಹೀಗೆ? ಲೆಕ್ಕ ಹಾಕಿ ನೋಡಿ. ಎರಡು ಸೈಟುಗಳ ನಡುವೆ ಇರುವುದು ಹೆಚ್ಚುಕಡಿಮೆ ಒಂದು ಅಡಿ ಅಂತರ. ಫ್ರಂಟ್ ಸೈಟ್ ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ 10 ಮೀಟರ್ ಆಚೆ ಪೆಲೆಟ್ ಸುಮಾರು 3 ಸೆಂಟಿಮೀಟರ್ ಪಕ್ಕಕ್ಕೆ ಬೀಳುತ್ತದೆ. ಅಂದರೆ ಹತ್ತು ಹೋಗಿ ಏಳರ ಹತ್ತಿರ. ಅದೇ ಸೈಟ್ ಎರಡೂ ಸರಿಯಾಗಿ ಸಾಲಾಗಿದ್ದು, ಇಡೀ ಕೈ ಒಂದು ಮಿಲಿಮೀಟರ್ ಅತ್ತಿತ್ತ ಆದರೆ ಗುರಿಯಲ್ಲೂ ತಪ್ಪುವುದು ಒಂದೇ ಮಿಲಿಮೀಟರ್. ಕೈ ಅಲುಗುವುದು ಯಾರಿಗೂ ತಪ್ಪಿದ್ದಲ್ಲ. ವಿಶ್ವದಾಖಲೆ ಮಾಡಿದವರ ಕೈಯೂ ಅಲುಗುತ್ತದೆ. ಆ ಅಲುಗಾಟವನ್ನು ಒಪ್ಪಿಕೊಂಡು, ಸೈಟ್ ಕೆಡದ ಹಾಗೆ ಟ್ರಿಗರನ್ನು ಮೆತ್ತಗೆ ಹಿಂದಕ್ಕೆ ತರುವುದೇ ವಿದ್ಯೆ. "ಈಗ ಸರಿ ಇದೆ, ಹೊಡೆದುಬಿಡೋಣ" ಎಂದು ಬೆರಳು ಜಗ್ಗಿದ ಕ್ಷಣವೇ ಮಣಿಕಟ್ಟು ಬಾಗಿ ಪೆಲೆಟ್ ಕೆಳಗೆ ಬೀಳುತ್ತದೆ.

ಕನ್ನಡಕ ಇರುವವರೂ ಆರಾಮಾಗಿ ಆಡಬಹುದು. ಶೂಟಿಂಗ್‌ಗೆ ಬೇರೆಯೇ ಫ್ರೇಮ್ ಬರುತ್ತದೆ, ಫ್ರಂಟ್ ಸೈಟ್ ಸ್ಪಷ್ಟ ಕಾಣುವಂತೆ ಅದಕ್ಕೆ ಲೆನ್ಸ್ ಹಾಕಿಸುತ್ತಾರೆ.

ಸ್ಪರ್ಧೆ ಹೇಗೆ ನಡೆಯುತ್ತೆ?

ಮೊದಲು ಅರ್ಹತಾ ಸುತ್ತು. ತಯಾರಿಗೆ, ಲೆಕ್ಕಕ್ಕಿಲ್ಲದ ಗುಂಡುಗಳಿಗೆ 15 ನಿಮಿಷ. ಆಮೇಲೆ 60 ಗುಂಡು, 75 ನಿಮಿಷ. ಒಂದು ಗುಂಡಿಗೆ ಒಂದು ಪೂರ್ಣಾಂಕ, ಒಟ್ಟು 600. ಯಾರೂ ಹೇಳಿ ಹೊಡೆಸುವುದಿಲ್ಲ, ಅವರವರ ಲಯದಲ್ಲಿ ಅವರವರು ಹೊಡೆಯುತ್ತಾರೆ. ಮೊದಲ ಎಂಟು ಜನ ಫೈನಲ್‌ಗೆ.

ಫೈನಲ್‌ನಲ್ಲಿ ಎಲ್ಲ ಸೊನ್ನೆಯಿಂದ ಶುರು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇದ್ದ ಕ್ರಮ ಹೀಗಿತ್ತು: ಐದೈದು ಗುಂಡಿನ ಎರಡು ಸೀರೀಸ್, ಒಂದೊಂದಕ್ಕೆ 250 ಸೆಕೆಂಡ್. ಅಲ್ಲಿಂದ ಮುಂದೆ ಒಂದೊಂದೇ ಗುಂಡು, ಪ್ರತಿಯೊಂದಕ್ಕೂ 50 ಸೆಕೆಂಡ್. 12 ಗುಂಡು ಮುಗಿದ ಮೇಲೆ ಕೊನೆಯಲ್ಲಿರುವವರು ಹೊರಗೆ. ಆಮೇಲೆ ಎರಡೆರಡು ಗುಂಡಿಗೆ ಒಬ್ಬೊಬ್ಬರು ಹೊರಗೆ. ಕೊನೆಗೆ ಇಬ್ಬರು ಉಳಿದು 24ನೇ ಗುಂಡಿಗೆ ಚಿನ್ನ ಯಾರದ್ದು ಎಂದು ತೀರ್ಮಾನ. ಅಂತರರಾಷ್ಟ್ರೀಯ ಶೂಟಿಂಗ್ ಫೆಡರೇಷನ್ ಫೈನಲ್‌ನ ನಿಯಮಗಳನ್ನು ಆಗಾಗ ಬದಲಿಸುತ್ತದೆ. ಹಾಗಾಗಿ ಪ್ರತಿ ಕೂಟಕ್ಕೂ ಮೊದಲು ಒಮ್ಮೆ ನಿಯಮ ನೋಡಿಕೊಳ್ಳುವುದು ಒಳ್ಳೆಯದು.

ಚಿನ್ನದವರಿಗೆ 240, ಕಂಚಿನವರಿಗೆ 218. ಅಷ್ಟೊಂದು ವ್ಯತ್ಯಾಸ ಹೇಗೆ?

ಕಂಚಿನವರು ಎರಡು ಗುಂಡು ಕಡಿಮೆ ಹೊಡೆದಿರುತ್ತಾರೆ, ಅಷ್ಟೇ. 22ನೇ ಗುಂಡಿಗೆ ಮೂರನೇ ಸ್ಥಾನದವರು ನಿಲ್ಲಿಸುತ್ತಾರೆ. ಪ್ಯಾರಿಸ್‌ನಲ್ಲಿ ಚೀನಾದ ಷಿಯೆ ಯು 240.9, ಇಟಲಿಯ ಫೆಡೆರಿಕೊ ನಿಲೊ ಮಾಲ್ದಿನಿ 240.0, ಇಟಲಿಯವರೇ ಆದ ಪಾವ್ಲೊ ಮೊನ್ನಾ 218.6. ಮೊದಲ ಇಬ್ಬರ ನಡುವೆ 24 ಗುಂಡಿಗೆ ಇದ್ದ ಅಂತರ ಒಂದು ಅಂಕವೂ ಅಲ್ಲ.

ದಶಾಂಶ ಬರುವುದು ಫೈನಲ್‌ನಲ್ಲಿ. ಹತ್ತರ ವೃತ್ತವನ್ನೇ 10.0ರಿಂದ 10.9ರವರೆಗೆ ಹಂಚಿರುತ್ತಾರೆ. ಅಂಚಿಗೆ ತಾಗಿದರೂ ಹತ್ತು, ನಟ್ಟನಡುವೆ ಬಿದ್ದರೂ ಹತ್ತು ಎನ್ನುವ ಅನುಕೂಲ ಅರ್ಹತಾ ಸುತ್ತಿನಲ್ಲಿ ಮಾತ್ರ.

ಅರ್ಹತಾ ಸುತ್ತಿನಲ್ಲಿ ಅಂಕ ಸಮ ಆದ್ರೆ?

ಇನ್ನರ್ ಟೆನ್ ಎಣಿಸುತ್ತಾರೆ. 5 ಮಿಲಿಮೀಟರ್‌ನ ಆ ಒಳ ವೃತ್ತಕ್ಕೆ ಯಾರ ಗುಂಡು ಹೆಚ್ಚು ಸಲ ತಾಗಿದೆಯೋ ಅವರು ಮೇಲೆ.

2024ರ ಜುಲೈ 27ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ಶೂಟರ್ ಸರಬ್‌ಜೋತ್ ಸಿಂಗ್‌ಗೆ ಆದದ್ದು ಇದೇ. 60 ಗುಂಡಿಗೆ 577. ಜರ್ಮನಿಯ ರಾಬಿನ್ ವಾಲ್ಟರ್ ಅವರದೂ 577. ವಾಲ್ಟರ್ ಅವರ ಇನ್ನರ್ ಟೆನ್ 17, ಸರಬ್‌ಜೋತ್ ಅವರದು 16. ವಾಲ್ಟರ್ ಎಂಟನೆಯವರಾಗಿ ಫೈನಲ್‌ಗೆ ಹೋದರು, ಸರಬ್‌ಜೋತ್ ಒಂಬತ್ತನೆಯವರಾಗಿ ಉಳಿದರು. 60 ಗುಂಡಿನಲ್ಲಿ ಯಾವುದೋ ಒಂದು ಹತ್ತು ಒಂದು ಕೂದಲೆಳೆ ಒಳಗೆ ಬಿದ್ದಿದ್ದರೆ ಕಥೆ ಬೇರೆ. ಆ ದಿನ ನಮ್ಮ ಸುದ್ದಿವಾಹಿನಿಗಳಲ್ಲಿ "ಭಾರತಕ್ಕೆ ನಿರಾಸೆ" ಎಂಬ ಒಂದು ಸಾಲು ಓಡಿತು. ನನಗೆ ಆ ಸಾಲು ಹಿಡಿಸಲಿಲ್ಲ. ಅಂಥ ಒಂದು ದಿನವನ್ನು ವಿವರಿಸಿ ಹೇಳಿದರೆ ನೋಡುವ ಮಕ್ಕಳಿಗೆ ಆಟ ಅರ್ಥವಾಗುತ್ತದೆ.

ಇದರ ಇನ್ನೊಂದು ಮುಖ 2023ರ ಸೆಪ್ಟೆಂಬರ್ 28ರಂದು ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕಂಡಿತ್ತು. ತಂಡದ ಸ್ಪರ್ಧೆಯಲ್ಲಿ ಮೂವರ ಅರ್ಹತಾ ಸುತ್ತಿನ ಅಂಕ ಕೂಡಿಸುತ್ತಾರೆ. ಸರಬ್‌ಜೋತ್ 580, ಅರ್ಜುನ್ ಸಿಂಗ್ ಚೀಮಾ 578, ಶಿವ ನರ್ವಾಲ್ 576. ಒಟ್ಟು 1734. ಚೀನಾ 1733. ಮೂವರ 180 ಗುಂಡು ಸೇರಿಸಿ ಒಂದೇ ಅಂಕದಲ್ಲಿ ಚಿನ್ನ ನಮ್ಮದಾಯಿತು. ಎಲ್ಲಾದರೂ ಒಂದು ಒಂಬತ್ತು ಎಂಟಾಗಿದ್ದರೆ ಅದೂ ಸಮ.

ಇನ್ನು ಸರಬ್‌ಜೋತ್ ಪ್ಯಾರಿಸ್‌ನಿಂದ ಬರಿಗೈಯಲ್ಲಿ ಬರಲಿಲ್ಲ. ಜುಲೈ 30ರಂದು ಮನು ಭಾಕರ್ ಜೊತೆ ಮಿಶ್ರ ತಂಡದ (ಒಬ್ಬ ಪುರುಷ, ಒಬ್ಬ ಮಹಿಳೆ) ಸ್ಪರ್ಧೆಯಲ್ಲಿ ದಕ್ಷಿಣ ಕೊರಿಯಾವನ್ನು 16–10ರಿಂದ ಸೋಲಿಸಿ ಕಂಚು ಗೆದ್ದರು. ಮೂರೇ ದಿನದಲ್ಲಿ ಮನಸ್ಸನ್ನು ಮತ್ತೆ ಹದಕ್ಕೆ ತಂದುಕೊಳ್ಳುವುದು ಸುಲಭದ ಮಾತಲ್ಲ.

ಅರ್ಹತಾ ಸುತ್ತಿನಲ್ಲಿ ಮೊದಲು ಬಂದವರಿಗೆ ಪದಕ ಸಿಗಲೇಬೇಕಲ್ವಾ?

ಇಲ್ಲ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಸೌರಭ್ ಚೌಧರಿ ಅರ್ಹತಾ ಸುತ್ತಿನಲ್ಲಿ 586 ಹೊಡೆದು ಎಲ್ಲರಿಗಿಂತ ಮೇಲಿದ್ದರು. ಫೈನಲ್‌ನಲ್ಲಿ ಏಳನೇ ಸ್ಥಾನ. ಸೊನ್ನೆಯಿಂದ ಶುರು ಎಂದೆನಲ್ಲ, ಆ ನಿಯಮದ ಬಿಸಿ ಇದು. ಇದು ನ್ಯಾಯವೇ ಎಂದು ಕೇಳಿದರೆ ನನ್ನ ಉತ್ತರ: ಟಿವಿಗೆ ಫೈನಲ್ ಚೆನ್ನ, ಆದರೆ ಶೂಟರ್‌ನ ಗಟ್ಟಿತನ ಕಾಣುವುದು 60 ಗುಂಡಿನಲ್ಲೇ.

ಒಂದು ಗುಂಡು ಹೊಡೆಯಲು ಅಷ್ಟು ಹೊತ್ತು ಯಾಕೆ? ಕೈ ಎತ್ತಿ ಮತ್ತೆ ಇಳಿಸ್ತಾರಲ್ಲ?

75 ನಿಮಿಷಕ್ಕೆ 60 ಗುಂಡು ಎಂದರೆ ಒಂದಕ್ಕೆ 75 ಸೆಕೆಂಡ್. ಅದರಲ್ಲಿ ಪಿಸ್ತೂಲ್ ಮೇಲಿರುವುದು ಕೆಲವೇ ಸೆಕೆಂಡ್. ಉಸಿರು ಎಳೆದುಕೊಂಡು ಕೈಯನ್ನು ಗುರಿಗಿಂತ ಸ್ವಲ್ಪ ಮೇಲಕ್ಕೆ ಎತ್ತುತ್ತಾರೆ. ನಿಧಾನಕ್ಕೆ ಉಸಿರು ಬಿಡುತ್ತಾ ಕೆಳಗಿಳಿಸಿ ನಿಲ್ಲಿಸುತ್ತಾರೆ. ಅಷ್ಟರಲ್ಲಿ ಬೆರಳು ಟ್ರಿಗರ್‌ನ ಮೊದಲ ಭಾರವನ್ನು ಆಗಲೇ ತೆಗೆದುಕೊಂಡಿರುತ್ತದೆ. ಕೈ ನೆಲೆಗೊಂಡ ಕೆಲವು ಸೆಕೆಂಡಿನೊಳಗೆ ಗುಂಡು ಹೋಗಬೇಕು. ಹೋಗದಿದ್ದರೆ ತೋಳಿಗೆ ದಣಿವು, ಕಣ್ಣಿಗೆ ಮಸುಕು. ಆಗ ಬಲವಂತ ಮಾಡದೆ ಕೈ ಇಳಿಸಿಬಿಡುವುದೇ ಜಾಣತನ. ಹಾಗೆ ಕೈ ಇಳಿಸಿದವರನ್ನು ನೋಡಿ "ಹೆದರಿಬಿಟ್ಟ" ಎನ್ನಬೇಡಿ. ಬೇಡ ಎನಿಸಿದ ಗುಂಡನ್ನು ಬಿಡುವುದಕ್ಕೆ ತುಂಬಾ ಧೈರ್ಯ ಬೇಕು, ಅದೂ ಗಡಿಯಾರ ಓಡುತ್ತಿರುವಾಗ.

ಗುಂಡು ಹೋದ ಮೇಲೂ ಒಂದೆರಡು ಸೆಕೆಂಡ್ ಕೈ ಹಾಗೇ ಇಟ್ಟಿರುತ್ತಾರೆ. ಪೆಲೆಟ್ ನಳಿಗೆ ಬಿಡುವ ಮೊದಲೇ ಕೈ ಸಡಿಲಾಗಬಾರದು ಎಂದು.

ಇನ್ನೊಂದು ಕೈ ಜೇಬಿನಲ್ಲಿ ಯಾಕೆ?

ಸ್ಟೈಲ್‌ಗಲ್ಲ. ಸುಮ್ನೆ ಜೋತುಬಿಟ್ಟ ಕೈ ತೂಗಾಡಿದರೆ ಮೈಯೂ ತೂಗುತ್ತದೆ. ಜೇಬಿಗೋ ಬೆಲ್ಟಿಗೋ ಸಿಕ್ಕಿಸಿದರೆ ಅದು ಒಂದು ಕಡೆ ನಿಲ್ಲುತ್ತದೆ. ಪ್ಯಾರಿಸ್‌ನಲ್ಲಿ ಮಿಶ್ರ ತಂಡದ ಬೆಳ್ಳಿ ಗೆದ್ದ ಟರ್ಕಿಯ ಯೂಸುಫ್ ಡಿಕೆಚ್ ಅವರ ಫೋಟೊ ವಾಟ್ಸಾಪ್ ತುಂಬಾ ಓಡಾಡಿತು. ಅವರು ಮಾತ್ರ ಹಾಗೆ ನಿಲ್ಲುತ್ತಾರೆ ಎಂದುಕೊಂಡವರು ಬಹಳ. ಜೇಬಿನಲ್ಲಿ ಕೈ ಇಡುವುದು ಎಲ್ಲರ ರೂಢಿಯೇ. ಅವರು ಎರಡು ಕಣ್ಣು ಬಿಟ್ಟು, ಕಣ್ಣಿನ ಮರೆ ಇಲ್ಲದೆ ಹೊಡೆದದ್ದು ಬೇರೆ ಮಾತು.

ಯಾವ ವಯಸ್ಸಿನವರು ಆಡಬಹುದು?

2018ರ ಏಷ್ಯನ್ ಗೇಮ್ಸ್‌ನಲ್ಲಿ, ಪಾಲೆಂಬಾಂಗ್‌ನಲ್ಲಿ, ಸೌರಭ್ ಚೌಧರಿ 240.7 ಹೊಡೆದು ಚಿನ್ನ ಗೆದ್ದಾಗ ಅವರಿಗೆ 16 ವರ್ಷ. ಬೆಳ್ಳಿ ಜಪಾನಿನ ಅನುಭವಿ ತೊಮೊಯುಕಿ ಮತ್ಸುದಾಗೆ ಹೋಯಿತು, ಕಂಚು ನಮ್ಮ ಅಭಿಷೇಕ್ ವರ್ಮಾಗೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಇರಾನಿನ ಜವಾದ್ ಫರೂಘಿ 41 ವರ್ಷದ ನರ್ಸ್. ಡಿಕೆಚ್‌ಗೆ ಪ್ಯಾರಿಸ್‌ನಲ್ಲಿ 51. ಓಟ, ಜಿಗಿತ ಬಿಟ್ಟವರಿಗೂ ಇಲ್ಲಿ ಜಾಗ ಇದೆ. ಆದರೆ ಸೊಂಟ, ಭುಜ, ಕಾಲು ಗಟ್ಟಿ ಇರಲೇಬೇಕು.

ಕರ್ನಾಟಕದವರು ಯಾರಾದ್ರೂ ಇದ್ದಾರಾ?

ಇದ್ದಾರೆ, ಹೆಮ್ಮೆಯಿಂದ ಹೇಳಬಹುದು. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ 10 ಮೀಟರ್ ಏರ್ ಪಿಸ್ತೂಲ್ ಬೆಳ್ಳಿ ಗೆದ್ದರು. ಅದೇ ವರ್ಷ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ ಜೀತು ರಾಯ್, ಸಮರೇಶ್ ಜಂಗ್ ಜೊತೆ ತಂಡದ ಕಂಚು. 2016ರಲ್ಲಿ ರಿಯೊ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ಪಿಸ್ತೂಲ್ ಆಡಿದರು. ಮಹಿಳೆಯರಲ್ಲಿ ಟಿ.ಎಸ್. ದಿವ್ಯಾ ಹಾಂಗ್‌ಝೌನಲ್ಲಿ ಸರಬ್‌ಜೋತ್ ಜೊತೆ ಮಿಶ್ರ ತಂಡದ ಬೆಳ್ಳಿ ತಂದರು. 2025ರ ಫೆಬ್ರುವರಿಯಲ್ಲಿ ಉತ್ತರಾಖಂಡದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಕರ್ನಾಟಕದ ಜೊನಾಥನ್ ಆಂಟನಿ ಚಿನ್ನ ಗೆದ್ದಾಗ ಇನ್ನೂ 15 ವರ್ಷದ ಹುಡುಗ. ಸೋತವರಲ್ಲಿ ಸರಬ್‌ಜೋತ್, ಸೌರಭ್ ಇಬ್ಬರೂ ಇದ್ದರು.

ಈ ಪಟ್ಟಿಯಲ್ಲಿ ಮಲೆನಾಡಿನ ಹೆಸರೂ ಸೇರಬೇಕು ಎಂಬುದು ನನ್ನ ಆಸೆ. ತಾಳ್ಮೆ, ಮೌನ, ಒಂದೇ ಕೆಲಸವನ್ನು ಬೇಸರಿಸದೆ ಮಾಡುವ ಗುಣ ನಮ್ಮ ಮಕ್ಕಳಿಗೆ ಹೊಸದಾಗಿ ಕಲಿಸಬೇಕಿಲ್ಲ.

ಪುರುಷರಿಗೆ ಬೇರೆ ಪಿಸ್ತೂಲ್ ಸ್ಪರ್ಧೆ ಇಲ್ವಾ?

25 ಮೀಟರ್ ರ‍್ಯಾಪಿಡ್ ಫೈರ್ ಇದೆ. ಐದು ಗುರಿ, ಐದು ಗುಂಡು. ಮೊದಲು 8 ಸೆಕೆಂಡ್, ಆಮೇಲೆ 6, ಕೊನೆಗೆ 4. ವಿಜಯ್ ಕುಮಾರ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದದ್ದು ಇದರಲ್ಲೇ. 50 ಮೀಟರ್ ಪಿಸ್ತೂಲ್ ರಿಯೊ ನಂತರ ಒಲಿಂಪಿಕ್ಸ್‌ನಿಂದ ಹೊರಬಿತ್ತು. ಕೊರಿಯಾದ ಜಿನ್ ಜೊಂಗ್-ಓ ಅದರಲ್ಲಿ 2008, 2012, 2016 ಮೂರೂ ಸಲ ಚಿನ್ನ ಗೆದ್ದವರು. ಏರ್ ಪಿಸ್ತೂಲ್ ಅರ್ಹತಾ ಸುತ್ತಿನಲ್ಲಿ 2009ರಲ್ಲಿ 594 ಹೊಡೆದವರೂ ಅವರೇ. 60 ಗುಂಡಿನಲ್ಲಿ ಕಳೆದುಕೊಂಡದ್ದು ಆರೇ ಅಂಕ!

ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಈಗ ಶೂಟಿಂಗ್ ಯಾಕೆ ಕಾಣ್ತಿಲ್ಲ?

2022ರ ಬರ್ಮಿಂಗ್‌ಹ್ಯಾಮ್ ಕೂಟದಿಂದ ಕೈಬಿಟ್ಟರು. 2026ರ ಗ್ಲಾಸ್ಗೊ ಪಟ್ಟಿಯಲ್ಲೂ ಇಲ್ಲ. 2018ರ ಗೋಲ್ಡ್ ಕೋಸ್ಟ್‌ನಲ್ಲಿ ಜೀತು ರಾಯ್ ಏರ್ ಪಿಸ್ತೂಲ್ ಚಿನ್ನ, ಓಂ ಮಿಥರ್ವಾಲ್ ಕಂಚು ಗೆದ್ದಿದ್ದರು. ನಮಗೆ ಇದು ದೊಡ್ಡ ನಷ್ಟ, ಬೇಸರದ ವಿಷಯ. ಹಾಗಾಗಿ ಈಗ ಏಷ್ಯನ್ ಗೇಮ್ಸ್‌ಗೆ ಇನ್ನೂ ತೂಕ ಜಾಸ್ತಿ.

ಮನೇಲಿ ಬೆಳೆ ರಕ್ಷಣೆ ಕೋವಿ ಇದೆ. ಹುಡುಗ ಅದರಲ್ಲೇ ಗುರಿ ಅಭ್ಯಾಸ ಮಾಡಬಹುದಾ?

ಬೇಡ. ಖಂಡಿತ ಬೇಡ. ಆ ಲೈಸೆನ್ಸ್ ಕೊಟ್ಟದ್ದು ಬೆಳೆ ಕಾಯಲು, ಲೈಸೆನ್ಸ್ ಇರುವವರ ಕೈಗೆ. ಚುನಾವಣೆ ಬಂದಾಗ ಠಾಣೆಯಲ್ಲಿ ಇಟ್ಟು ಬರುವ ಕೋವಿ ಅದು, ಆಟದ ಸಾಮಾನಲ್ಲ. ಇನ್ನೊಂದು ಕಾರಣವೂ ಇದೆ. ಕೋವಿ ಹೊಡೆದವರಿಗೆ ಭುಜಕ್ಕೆ ಬರುವ ಒದೆತ ಗೊತ್ತು. ಅದಕ್ಕೆ ಮೈ ಮೊದಲೇ ಬಿಗಿಯಾಗುವುದನ್ನು ಕಲಿತುಬಿಡುತ್ತದೆ. ಏರ್ ಪಿಸ್ತೂಲ್‌ಗೆ ಬಂದಾಗ ಆ ಬಿಗಿತ ಬಿಡಿಸುವುದೇ ದೊಡ್ಡ ಕೆಲಸವಾಗುತ್ತದೆ.

ಏರ್ ಪಿಸ್ತೂಲ್‌ಗೆ ಲೈಸೆನ್ಸ್ ಬೇಕಾ?

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿಲಿಮೀಟರ್ ಬೋರ್‌ನ (ನಳಿಗೆಯ ಒಳ ಅಗಲ), ಗುಂಡಿನ ಶಕ್ತಿ 20 ಜೂಲ್ ಮೀರದ ಗಾಳಿ ಬಂದೂಕಿಗೆ ಲೈಸೆನ್ಸ್ ಬೇಡ. ಸ್ಪರ್ಧೆಯ ಪಿಸ್ತೂಲ್ ಇದಕ್ಕಿಂತ ಎಷ್ಟೋ ಕೆಳಗಿದೆ. ಕೊಳ್ಳುವಾಗ ಗುರುತಿನ ಚೀಟಿ, ವಿಳಾಸದ ದಾಖಲೆ ಕೇಳುತ್ತಾರೆ. 25 ಮೀಟರ್‌ನಲ್ಲಿ ಬಳಸುವ, ಮದ್ದಿನ ಗುಂಡಿನ .22 ಪಿಸ್ತೂಲ್‌ಗೆ ಲೈಸೆನ್ಸ್ ಬೇಕೇ ಬೇಕು. ಲೈಸೆನ್ಸ್ ಬೇಡ ಎಂದಾಕ್ಷಣ ಬಸ್ಸಿನಲ್ಲಿ ಕೈಯಲ್ಲಿ ಹಿಡಿದು ಓಡಾಡುವಂತಿಲ್ಲ. ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ. ಪೆಲೆಟ್ ತಾಗಿದರೆ ಕಣ್ಣು ಹೋಗುತ್ತದೆ.

ಹಳ್ಳಿ ಹುಡುಗ, ಹತ್ತಿರ ರೇಂಜ್ ಇಲ್ಲ. ಎಲ್ಲಿಂದ ಶುರು ಮಾಡೋದು?

ಕಾಲೇಜಿನಲ್ಲಿ ಎನ್‌ಸಿಸಿ ಇದ್ದರೆ ಮೊದಲು ಅಲ್ಲಿಗೆ ಸೇರಿಸಿ. ಫೈರಿಂಗ್‌ನ ಶಿಸ್ತು ಅಲ್ಲಿ ಸಿಗುತ್ತದೆ: ನಳಿಗೆ ಯಾವಾಗಲೂ ಗುರಿಯ ಕಡೆ, ಹೊಡೆಯುವ ತನಕ ಬೆರಳು ಟ್ರಿಗರ್ ಹೊರಗೆ. ಆಮೇಲೆ ಒಬ್ಬ ಕೋಚ್ ಹುಡುಕಿ, ತಿಂಗಳಿಗೆ ಕೆಲವು ಸಲವಾದರೂ ಕೋಚ್ ಎದುರು ಹೊಡೆಯುವ ವ್ಯವಸ್ಥೆ ಮಾಡಿಕೊಳ್ಳಿ. ಮೊದಲ ದಿನವೇ ಲಕ್ಷಗಟ್ಟಲೆ ಕೊಟ್ಟು ವಿದೇಶಿ ಪಿಸ್ತೂಲ್ ತರಬೇಡಿ. ಕ್ಲಬ್‌ನ ಪಿಸ್ತೂಲಿನಲ್ಲೇ ಕಲಿಯಲಿ.

ಉಳಿದ ದಿನ ಮನೆಯಲ್ಲೇ ಮಾಡುವ ಕೆಲಸ ಬೇಕಾದಷ್ಟಿದೆ. ಇಲ್ಲಿ ಗುಂಡೇ ಬೇಡ. ಜಗಲಿಯ ಬಿಳಿ ಗೋಡೆ ಎದುರು ನಿಂತು ಖಾಲಿ ಪಿಸ್ತೂಲ್ ಎತ್ತಿ ಹಿಡಿಯುವುದು. ಗೋಡೆ ಮೇಲೆ ಗುರಿ ಇರಬಾರದು, ಸೈಟ್ ಮಾತ್ರ ಕಾಣಬೇಕು. ಅದೇ ಸ್ಥಿತಿಯಲ್ಲಿ ಟ್ರಿಗರ್ ಎಳೆದು ಸೈಟ್ ಕದಲಿತೇ ಎಂದು ನೋಡುವುದು. ಇದಕ್ಕೆ ಡ್ರೈ ಫೈರ್ ಎನ್ನುತ್ತಾರೆ. ದೊಡ್ಡ ಶೂಟರ್‌ಗಳೂ ದಿನಾ ಮಾಡುವ ಅಭ್ಯಾಸ ಇದು. ಪಿಸ್ತೂಲ್ ಇಲ್ಲದ ದಿನಗಳಲ್ಲಿ ಅಷ್ಟೇ ತೂಕದ ನೀರಿನ ಬಾಟಲಿ ಹಿಡಿದು ತೋಳಿಗೆ ಅಭ್ಯಾಸ ಕೊಡಬಹುದು. ಪಿಸ್ತೂಲ್ ಎತ್ತುವ ಮೊದಲು ಪ್ರತಿ ಸಲವೂ ಅದು ಖಾಲಿ ಇದೆ ಎಂದು ಹಿರಿಯರೊಬ್ಬರು ನೋಡಲಿ. ಎದುರಿಗೆ ಯಾರೂ ಓಡಾಡಬಾರದು.

ಸ್ಪರ್ಧೆಯ ದಾರಿ ರಾಜ್ಯ ಮಟ್ಟದಿಂದ ಶುರು. ಅಲ್ಲಿ ನಿಗದಿಯಾದ ಅಂಕ ಬಂದರೆ ರಾಷ್ಟ್ರಮಟ್ಟದ ಅರ್ಹತಾ ಕೂಟಗಳು, ಆಮೇಲೆ ನ್ಯಾಷನಲ್ಸ್, ಆಮೇಲೆ ಭಾರತ ತಂಡದ ಆಯ್ಕೆಯ ಟ್ರಯಲ್ಸ್.

ಮಳೆಗಾಲದಲ್ಲಿ ಪಿಸ್ತೂಲ್ ಕಾಪಾಡೋದು ಹೇಗೆ?

ಆಗುಂಬೆ, ಹುಲಿಕಲ್ ಕಡೆಯವರ ಪ್ರಶ್ನೆ ಇದು, ನ್ಯಾಯವಾದ ಪ್ರಶ್ನೆ. ಪೆಟ್ಟಿಗೆಯ ಸ್ಪಂಜ್ ತೇವ ಹೀರಿ ಹಿಡಿದಿಡುತ್ತದೆ. ಹಾಗಾಗಿ ಸಿಲಿಕಾ ಜೆಲ್ ಚೀಲ ಇಡಿ, ಅದನ್ನು ಆಗಾಗ ಬದಲಿಸಿ. ಅಭ್ಯಾಸ ಮುಗಿದ ಮೇಲೆ ಬೆವರು ತಾಗಿದ ಲೋಹದ ಭಾಗ ಒರೆಸಿ, ತೆಳ್ಳಗೆ ಎಣ್ಣೆ ಸವರಿ. ಅಡಿಕೆ ಒಣಗಿಸುವ ಅಟ್ಟದ ಬಿಸಿಯಲ್ಲಿ ಮಾತ್ರ ಇಡಬೇಡಿ. ಗಾಳಿ ತುಂಬಿದ ಸಿಲಿಂಡರ್‌ಗೆ ಬಿಸಿ ಒಳ್ಳೆಯದಲ್ಲ, ಮರದ ಹಿಡಿಕೆಯೂ ಬಿರುಕು ಬಿಡುತ್ತದೆ. ಸಿಲಿಂಡರ್ ಮೇಲೆ ಅವಧಿ ಮುಗಿಯುವ ದಿನಾಂಕ ಇರುತ್ತದೆ. ಅದು ದಾಟಿದ್ದರೆ ಸ್ಪರ್ಧೆಯಲ್ಲಿ ಬಿಡುವುದಿಲ್ಲ.

ಮುಂದಿನ ಏಷ್ಯನ್ ಗೇಮ್ಸ್ ಯಾವಾಗ? ಟಿವಿಯಲ್ಲಿ ಏನು ನೋಡಬೇಕು?

ಜಪಾನಿನ ಐಚಿ-ನಗೋಯಾದಲ್ಲಿ, 2026ರ ಸೆಪ್ಟೆಂಬರ್ 19ರಿಂದ ಅಕ್ಟೋಬರ್ 4ರವರೆಗೆ. ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ಬೆಳಿಗ್ಗೆ 9ಕ್ಕೆ ಶುರುವಾದರೆ ನಮ್ಮಲ್ಲಿ ಬೆಳಗಿನ ಜಾವ 5.30. ಹಾಗಾಗಿ ವೇಳಾಪಟ್ಟಿ ಹಿಂದಿನ ದಿನವೇ ನೋಡಿಟ್ಟುಕೊಳ್ಳಿ.

ಫೈನಲ್ ಮಾತ್ರ ನೋಡದೆ ಅರ್ಹತಾ ಸುತ್ತಿನ ಅಂಕಪಟ್ಟಿಯನ್ನೂ ಫೋನಿನಲ್ಲಿ ತೆರೆದಿಡಿ. ಹತ್ತು ಹತ್ತು ಗುಂಡಿನ ಆರು ಸೀರೀಸ್ ಸಾಲಾಗಿ ಕಾಣುತ್ತವೆ. 97, 96, 98 ಎಂದು ಹೋಗುತ್ತಿದ್ದವನು ನಾಲ್ಕನೆಯದರಲ್ಲಿ 93ಕ್ಕೆ ಬಿದ್ದರೆ, ಐದನೆಯದರಲ್ಲಿ ಏನು ಮಾಡುತ್ತಾನೆ ನೋಡಿ. ಕೆಲವರು ಕುರ್ಚಿ ಎಳೆದು ಕೂತು, ನೀರು ಕುಡಿದು, ಕೈ ಒರೆಸಿಕೊಂಡು ಎದ್ದು ಬರುತ್ತಾರೆ. ಕೆಲವರು ಬಿಡದೆ ಹೊಡೆಯುತ್ತಾರೆ. ಅಂಕದ ಪಕ್ಕದಲ್ಲಿ ಎಕ್ಸ್ ಎಂದು ಬರೆದ ಸಂಖ್ಯೆಯೇ ಇನ್ನರ್ ಟೆನ್. ಎಂಟನೇ, ಒಂಬತ್ತನೇ ಸ್ಥಾನದವರ ಎಕ್ಸ್ ಮೇಲೆ ಕಣ್ಣಿಡಿ.